ಗಾಳಿಯ ಜೊತೆ ಹೊಂದಿಕೊಳ್ಳುವ ಜಾಲ: ವೈರ್‌ಲೆಸ್ ವಿನ್ಯಾಸಕ್ಕೆ ಕೆಲವು ಸೂತ್ರಗಳು

ವೈಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಗೋಡೆಗೆ, ಬೀರುವಿಗೆ, ಸೂರಿಗೆ ಬಡಿದು ಬಂದ ಅಲೆಗಳು ಒಂದು ಜಾಗದಲ್ಲಿ ಕೂಡಿ ಬಲವಾಗುತ್ತವೆ. ಕೆಲವೇ ಸೆಂಟಿಮೀಟರ್ ಆಚೆ ಒಂದನ್ನೊಂದು ಅಳಿಸಿಹಾಕುತ್ತವೆ. ಅಷ್ಟು ಸಣ್ಣ ಅಂತರದಲ್ಲಿ ಸಿಗ್ನಲ್ 20 ಡೆಸಿಬೆಲ್, ಅಂದರೆ ನೂರು ಪಟ್ಟು, ಇಳಿಯುವುದುಂಟು. ಉಪಕರಣವನ್ನು ಯಾರೂ ಮುಟ್ಟದಿದ್ದರೂ ಇದು ನಡೆದೇ ಇರುತ್ತದೆ. ಯಾರೋ ಬಾಗಿಲು ತೆರೆಯುತ್ತಾರೆ, ಪಕ್ಕದ ಮನೆಗೆ ಹೊಸ ರೂಟರ್ ಬರುತ್ತದೆ, ಹೊರಗೆ ಮಳೆ ಹಿಡಿಯುತ್ತದೆ.

ಹಾಗಾಗಿ ವೈರ್‌ಲೆಸ್ ಜಾಲ ಪರಿಸ್ಥಿತಿಗೆ ತಕ್ಕಂತೆ ತಾನೇ ಬದಲಾಗಬೇಕು. ಇದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಎಷ್ಟು ಚುರುಕಾಗಿ ಬದಲಾದರೆ ಅಷ್ಟು ಒಳ್ಳೆಯದು ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಏನು ಕೆಟ್ಟಿದೆ ಎಂದು ತಿಳಿಯದೆ ಬದಲಾಗುವ ಜಾಲಕ್ಕಿಂತ ಬದಲಾಗದೆ ಕೂತ ಜಾಲವೇ ವಾಸಿ. ಈ ಕೆಲಸಕ್ಕೆ ಹೊಸದಾಗಿ ಕೈಹಾಕಿರುವ ಎಂಜಿನಿಯರುಗಳಿಗೆಂದು ಕೆಳಗಿನ ಸೂತ್ರಗಳನ್ನು ಬರೆಯುತ್ತಿದ್ದೇನೆ.

1. ಯಾವುದು ಎಷ್ಟು ಬೇಗ ಬದಲಾಗುತ್ತದೆ ಎಂದು ಮೊದಲು ಪಟ್ಟಿ ಮಾಡಿ

ನಡೆದು ಹೋಗುವವರ ಕೈಯಲ್ಲಿರುವ ಫೋನಿಗೆ ಸಿಗ್ನಲ್ ಹತ್ತಾರು ಮಿಲಿಸೆಕೆಂಡುಗಳಲ್ಲಿ ಏರಿಳಿಯುತ್ತದೆ. ಓಡುವ ಬಸ್ಸಿನಲ್ಲಿ ಇನ್ನೂ ಬೇಗ. ಕಚೇರಿಯ ದಟ್ಟಣೆ ಗಂಟೆಯಿಂದ ಗಂಟೆಗೆ ಬದಲಾಗುತ್ತದೆ, ಟವರಿನ ಎದುರಿರುವ ಮರದ ಎಲೆ ಋತುವಿನಿಂದ ಋತುವಿಗೆ. ಇಷ್ಟನ್ನೂ ಒಂದೇ ವಿಧಾನ ನಿಭಾಯಿಸಲಿ ಎಂದು ಹೊರಟರೆ ಕೆಲಸ ಕೆಡುತ್ತದೆ.

3ಜಿಯ ಡಬ್ಲ್ಯೂಸಿಡಿಎಂಎ ವ್ಯವಸ್ಥೆಯಲ್ಲಿ ಟವರು ಫೋನಿನ ಪವರನ್ನು ಸೆಕೆಂಡಿಗೆ 1500 ಸಲ ತಿದ್ದುತ್ತಿತ್ತು. 4ಜಿಯ ಎಲ್‌ಟಿಇಯಲ್ಲಿ ಯಾರಿಗೆ ಯಾವ ವೇಗ ಎಂಬ ತೀರ್ಮಾನ ಮಿಲಿಸೆಕೆಂಡಿಗೊಮ್ಮೆ ಆಗುತ್ತದೆ. ಪ್ಯಾಕೆಟ್ ಯಾವ ದಾರಿ ಹಿಡಿಯಬೇಕು ಎಂಬ ತೀರ್ಮಾನಕ್ಕೆ ಈ ಅವಸರ ಬೇಡ. ಅದಕ್ಕೆ ಸೆಕೆಂಡುಗಳು, ಕೆಲವೊಮ್ಮೆ ನಿಮಿಷಗಳು ಸಾಕು. ಚಾನೆಲ್ ಬದಲಿಸುವುದಂತೂ ಗಂಟೆಗಟ್ಟಲೆ ಕಾಯಬಹುದು. ಬೇಗ ಓಡುವ ಕೆಳಗಿನ ಹಂತ ನೆಲೆ ನಿಲ್ಲುವ ತನಕ ನಿಧಾನದ ಮೇಲಿನ ಹಂತ ಕೈಹಾಕಬಾರದು. ಎರಡೂ ಒಂದೇ ವೇಗದಲ್ಲಿ ಓಡಿದರೆ ಏನಾಗುತ್ತದೆ ನೋಡಿ. ಒಂದು ಕೊಂಡಿ ಪವರ್ ಏರಿಸುತ್ತದೆ. ಆ ದಾರಿ ಚೆನ್ನಾಗಿದೆ ಎಂದು ದಟ್ಟಣೆಯೆಲ್ಲ ಅತ್ತ ನುಗ್ಗುತ್ತದೆ. ನುಗ್ಗಿದ್ದರಿಂದಲೇ ಅಲ್ಲಿ ಗದ್ದಲ ಹೆಚ್ಚಾಗಿ ಪವರ್ ಮತ್ತೆ ಏರುತ್ತದೆ. ಇಡೀ ಜಾಲ ತನ್ನ ಬಾಲವನ್ನು ತಾನೇ ಅಟ್ಟಿಸಿಕೊಂಡು ತಿರುಗುತ್ತದೆ.

2. ಪ್ಯಾಕೆಟ್ ಕಳೆದದ್ದು ಏಕೆ ಎಂದು ಕೇಳದೆ ಏನನ್ನೂ ಬದಲಿಸಬೇಡಿ

ಈ ಪಟ್ಟಿಯಲ್ಲಿ ಒಂದನ್ನಷ್ಟೇ ಇಟ್ಟುಕೊಳ್ಳಿ ಎಂದರೆ ನಾನು ಇದನ್ನು ಇಟ್ಟುಕೊಳ್ಳುತ್ತೇನೆ.

ವೈಫೈ ವೇಗ ಹೊಂದಾಣಿಕೆಯ ಮೊದಮೊದಲ ವಿಧಾನಗಳಲ್ಲಿ ಒಂದು ಎಆರ್‌ಎಫ್. ವೇವ್‌ಲ್ಯಾನ್-2 ಉಪಕರಣಗಳಿಗಾಗಿ ರೂಪಿಸಿದ ಇದು 1997ರಲ್ಲಿ ಪ್ರಕಟವಾಯಿತು. ವಿಧಾನ ತೀರಾ ಸರಳ: ಸತತ ಎರಡು ಸಲ ಅಕ್ನಾಲೆಜ್‌ಮೆಂಟ್ (ತಲುಪಿತೆಂಬ ಉತ್ತರ) ಬರದಿದ್ದರೆ ವೇಗವನ್ನು ಒಂದು ಮೆಟ್ಟಿಲು ಇಳಿಸು, ಸತತ ಹತ್ತು ಬಂದರೆ ಏರಿಸಿ ನೋಡು. ಕೋಣೆಯಲ್ಲಿ ಒಂದೇ ಲ್ಯಾಪ್‌ಟಾಪ್ ಇದ್ದು ಅದು ದೂರ ಸರಿಯುತ್ತಾ ಹೋದರೆ ಇದು ಚೆನ್ನಾಗಿಯೇ ನಡೆಯುತ್ತದೆ.

ಈಗ ಅದೇ ಕೋಣೆಗೆ ಮೂವತ್ತು ಜನ ಬಂದು ಕೂತರು ಎನ್ನಿ. ಸಿಗ್ನಲ್ ಎಲ್ಲರಿಗೂ ಗಟ್ಟಿಯಾಗಿದೆ. ಇಬ್ಬರು ಒಂದೇ ಗಳಿಗೆಯಲ್ಲಿ ಕಳಿಸಿದ್ದರಿಂದ ಪ್ಯಾಕೆಟ್‌ಗಳು ಡಿಕ್ಕಿಯಾಗಿ ಹಾಳಾದವು. ಎಆರ್‌ಎಫ್‌ಗೆ ಕಾಣುವುದು ಇಷ್ಟೇ: ಅಕ್ನಾಲೆಜ್‌ಮೆಂಟ್ ಬರಲಿಲ್ಲ. ಅದು ಸಿಗ್ನಲ್ ಸೋತಿದೆ ಎಂದು ತೀರ್ಮಾನಿಸಿ ವೇಗ ಇಳಿಸುತ್ತದೆ. 1500 ಬೈಟಿನ ಪ್ಯಾಕೆಟ್ಟು 11 ಮೆಗಾಬಿಟ್ ವೇಗದಲ್ಲಿ ಸುಮಾರು 1.1 ಮಿಲಿಸೆಕೆಂಡು ಗಾಳಿಯಲ್ಲಿರುತ್ತದೆ. 1 ಮೆಗಾಬಿಟ್‌ಗೆ ಇಳಿದರೆ ಅದೇ ಪ್ಯಾಕೆಟ್ಟಿಗೆ 12 ಮಿಲಿಸೆಕೆಂಡು ಬೇಕು. ಅಷ್ಟು ಹೊತ್ತೂ ಚಾನೆಲ್ ಒಬ್ಬರ ಕೈಯಲ್ಲಿ. ಕಳಿಸುವವರ ಸದ್ದು ಕೇಳಿಸಿಕೊಂಡವರು ಸರದಿ ಕಾಯುತ್ತಾರೆ, ಅವರ ಸಾಲು ಬೆಳೆಯುತ್ತದೆ. ಕೇಳಿಸದಷ್ಟು ದೂರ ಕೂತವರು ಚಾನೆಲ್ ಖಾಲಿ ಇದೆಯೆಂದು ನಡುವೆ ಬಾಯಿ ಹಾಕುತ್ತಾರೆ. 12 ಮಿಲಿಸೆಕೆಂಡಿನ ಗುರಿಗೆ ಡಿಕ್ಕಿ ಹೊಡೆಯುವುದು 1.1 ಮಿಲಿಸೆಕೆಂಡಿನ ಗುರಿಗಿಂತ ಬಹಳ ಸುಲಭ. ಡಿಕ್ಕಿ ಹೆಚ್ಚಿತು, ವೇಗ ಇನ್ನೂ ಇಳಿಯಿತು. ಮದ್ದೇ ರೋಗವನ್ನು ಬೆಳೆಸಿತು.

ಒಬ್ಬರ ನಿಧಾನಗತಿ ಅವರೊಬ್ಬರಿಗೇ ಸೀಮಿತವಾಗಿಯೂ ಉಳಿಯುವುದಿಲ್ಲ. ವೈಫೈ ಎಲ್ಲರಿಗೂ ಸಮಾನ ಅವಕಾಶ ಕೊಡುತ್ತದೆ, ಸಮಾನ ಸಮಯವನ್ನಲ್ಲ. ಒಂದು ಉಪಕರಣ ನಿಧಾನವಾದರೆ ವೇಗದವರೆಲ್ಲ ಅದರ ಮಟ್ಟದ ಹತ್ತಿರಕ್ಕೆ ಇಳಿಯುತ್ತಾರೆ ಎಂದು 2003ರಲ್ಲಿ ಫ್ರಾನ್ಸಿನ ಗ್ರೆನೋಬಲ್ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು.

ಹಾಗಾದರೆ ಕಾರಣ ಪತ್ತೆ ಹಚ್ಚುವುದು ಹೇಗೆ? ದೊಡ್ಡ ಪ್ಯಾಕೆಟ್ಟಿಗೆ ಮುಂಚೆ ‘ಕಳಿಸಲೇ?’ ಎಂದು ಕೇಳುವ ಪುಟ್ಟ ಆರ್‌ಟಿಎಸ್ ಸಂದೇಶ ಕಳಿಸಿ. ಅದಕ್ಕೆ ಉತ್ತರ ಬಂದು ಸುತ್ತಲಿನವರೆಲ್ಲ ಸುಮ್ಮನಾದ ಮೇಲೂ ಪ್ಯಾಕೆಟ್ ಹಾಳಾದರೆ ಚಾನೆಲ್ಲೇ ಸೋತಿರುವ ಸಂಭವ ಹೆಚ್ಚು; ಆಗ ವೇಗ ಇಳಿಸಿ. ಆರ್‌ಟಿಎಸ್ಸೇ ಪದೇ ಪದೇ ಕಳೆದುಹೋಗುತ್ತಿದ್ದರೆ ಡಿಕ್ಕಿಯ ಗುಮಾನಿ ಬಲವಾಗುತ್ತದೆ. ಆಗ ವೇಗವನ್ನು ಮುಟ್ಟದೆ ಸ್ವಲ್ಪ ಹೊತ್ತು ಹಿಂದೆ ಸರಿಯಿರಿ.

ತಮಿಳುನಾಡಿನ ತೇಣಿಯ ಅರವಿಂದ ಕಣ್ಣಾಸ್ಪತ್ರೆಯ ಕಥೆಯೂ ಇದೇ ಪಾಠದ್ದು. ಹಳ್ಳಿಯ ಕಣ್ಣಿನ ಕೇಂದ್ರಗಳಲ್ಲಿ ಕೂತ ರೋಗಿಗಳನ್ನು ಪಟ್ಟಣದ ವೈದ್ಯರು ವಿಡಿಯೊದಲ್ಲಿ ನೋಡಲೆಂದು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ಅಲ್ಲಿ ದೂರಗಾಮಿ ವೈಫೈ ಕೊಂಡಿಗಳನ್ನು ಹಾಕಿತು. ಇಂಥ ಉದ್ದದ ಕೊಂಡಿಗಳಲ್ಲಿ ಪ್ಯಾಕೆಟ್ ಕಳೆಯುವುದು ದೂರದಿಂದಲೇ ಎಂದು ಯಾರಾದರೂ ಊಹಿಸುತ್ತಾರೆ. ಅಳೆದು ನೋಡಿದಾಗ ದೊಡ್ಡ ಕಾರಣವಾಗಿ ಸಿಕ್ಕಿದ್ದು ಕೊಂಡಿಯ ತುದಿಗಳ ಬಳಿಯಿದ್ದ ಬೇರೆ ವೈಫೈಗಳ ಗದ್ದಲ. 2007ರಲ್ಲಿ ಪ್ರಕಟವಾದ ಅವರ ವೈಲ್ಡ್‌ನೆಟ್ ವಿನ್ಯಾಸ ಅದಕ್ಕೆ ತಕ್ಕ ಉಪಾಯಗಳನ್ನೇ ಹಿಡಿಯಿತು: ಎರಡು ತುದಿಗೂ ಸಮಯ ಹಂಚಿಕೆ, ಅಕ್ನಾಲೆಜ್‌ಮೆಂಟ್‌ಗಳನ್ನು ಒಟ್ಟಾಗಿ ಕಳಿಸುವುದು, ನಷ್ಟಕ್ಕೆ ತಕ್ಕಷ್ಟು ಹೆಚ್ಚುವರಿ ಬಿಟ್‌ಗಳನ್ನು ಸೇರಿಸುವುದು. ರೋಗಿಯ ಕಣ್ಣು ವೈದ್ಯರಿಗೆ ಸರಿಯಾಗಿ ಕಾಣಬೇಕಾದರೆ ಈ ಪತ್ತೆ ಕೆಲಸ ಆಗಲೇಬೇಕಿತ್ತು.

3. ಕಡ್ಡಿ ಎಣಿಸಬೇಡಿ, ತಲುಪಿದ್ದನ್ನು ಎಣಿಸಿ

ಫೋನಿನ ಮೂಲೆಯ ಕಡ್ಡಿಗಳು ಸಿಗ್ನಲ್ ಎಷ್ಟು ಗಟ್ಟಿ ಎಂದು ಹೇಳುತ್ತವೆ, ಪ್ಯಾಕೆಟ್ ತಲುಪಿತೇ ಎಂದು ಹೇಳುವುದಿಲ್ಲ. ಎಂಐಟಿಯ ರೂಫ್‌ನೆಟ್ ತಂಡದಿಂದ 2003ರಲ್ಲಿ ಬಂದ ಇಟಿಎಕ್ಸ್ ಅಳತೆ ನೇರವಾಗಿ ಕೇಳುವುದು ಒಂದೇ ಪ್ರಶ್ನೆ: ಒಂದು ಪ್ಯಾಕೆಟ್ ತಲುಪಿಸಲು ಸರಾಸರಿ ಎಷ್ಟು ಸಲ ಕಳಿಸಬೇಕು?

ಲೆಕ್ಕ ಹೀಗೆ. ಒಂದೇ ನೆಗೆತದ ದಾರಿಯಲ್ಲಿ ಹೋಗುವಾಗ ಶೇಕಡ 50, ಅಕ್ನಾಲೆಜ್‌ಮೆಂಟ್ ಬರುವಾಗ ಶೇಕಡ 80 ತಲುಪುತ್ತವೆ ಎನ್ನಿ. ಎರಡನ್ನೂ ಗುಣಿಸಿದರೆ 0.4, ಅಂದರೆ ಪ್ರತಿ ಪ್ಯಾಕೆಟ್ಟಿಗೆ ಸರಾಸರಿ 2.5 ಯತ್ನ. ನಡುವೆ ಒಂದು ಮನೆಯ ಚಾವಣಿ ಹತ್ತಿ ಹೋಗುವ ಎರಡು ನೆಗೆತದ ದಾರಿ ಎರಡೂ ಕಡೆ ಪೂರ್ತಿ ಗಟ್ಟಿಯಾಗಿದ್ದರೆ ಅಲ್ಲಿ ಬರೀ 2. ಬಳಸು ದಾರಿಯೇ ಹತ್ತಿರದ ದಾರಿ. ನೆಗೆತಗಳನ್ನಷ್ಟೇ ಎಣಿಸುವ ಜಾಲ ಮೊದಲನೆಯದನ್ನು ಆರಿಸಿ ಸೋಲುತ್ತದೆ.

ಅಳೆಯುವುದೂ ಬಿಟ್ಟಿ ಕೆಲಸವಲ್ಲ. ಲಿನಕ್ಸಿನ ಮಿನ್‌ಸ್ಟ್ರೆಲ್ ಎಂಬ ವೇಗ ಹೊಂದಾಣಿಕೆಯ ವಿಧಾನ ಸುಮಾರು ಶೇಕಡ 10ರಷ್ಟು ಪ್ಯಾಕೆಟ್‌ಗಳನ್ನು ಬೇರೆ ವೇಗಗಳನ್ನು ಪರೀಕ್ಷಿಸಲು ಬಳಸುತ್ತದೆ. ಅದರ ಜಾಣತನ ಇರುವುದು ಬಳಕೆದಾರರ ನಿಜವಾದ ಪ್ಯಾಕೆಟ್‌ಗಳಿಂದಲೇ ಪರೀಕ್ಷೆ ನಡೆಸುವುದರಲ್ಲಿ. ಪರೀಕ್ಷೆಗೆಂದೇ ಪುಟ್ಟ ಪ್ಯಾಕೆಟ್‌ಗಳನ್ನು ಕಡಿಮೆ ವೇಗದಲ್ಲಿ ಕಳಿಸಿದರೆ ಅವು ಎಲ್ಲಿಂದಲಾದರೂ ನುಸುಳಿಕೊಂಡು ತಲುಪುತ್ತವೆ. ಹಿಂದೆಯೇ ಹೊರಟ ದೊಡ್ಡ ಪ್ಯಾಕೆಟ್ ತಲುಪುವುದಿಲ್ಲ.

4. ಬದಲಾಗುವ ಮುಂಚೆ ತುಸು ತಡೆಯಿರಿ

ಎರಡು ಟವರುಗಳ ಗಡಿಯಲ್ಲಿ ನಿಂತ ಫೋನು ಯಾವುದರ ಸಿಗ್ನಲ್ ಕೂದಲೆಳೆಯಷ್ಟು ಮೇಲಿದ್ದರೂ ಅತ್ತ ಜಿಗಿಯುತ್ತಿದ್ದರೆ ಮಾತು ಕತ್ತರಿಸುತ್ತದೆ, ಬ್ಯಾಟರಿ ಇಳಿಯುತ್ತದೆ. ಎಲ್‌ಟಿಇ ಇದಕ್ಕೆ ಎರಡು ತಡೆ ಇಟ್ಟಿದೆ. ಹೊಸ ಟವರು ಇಷ್ಟು ಡೆಸಿಬೆಲ್ ಮೇಲಿರಬೇಕು, ಮತ್ತು ಇಷ್ಟು ಹೊತ್ತು ಮೇಲೆಯೇ ಉಳಿದಿರಬೇಕು. ಆ ಹೊತ್ತನ್ನು 0ಯಿಂದ 5120 ಮಿಲಿಸೆಕೆಂಡಿನ ತನಕ ಹೊಂದಿಸಬಹುದು. ಹೆದ್ದಾರಿಯ ಪಕ್ಕದ ಟವರಿಗೂ ವಸತಿ ಬಡಾವಣೆಯ ಟವರಿಗೂ ಒಂದೇ ಸಂಖ್ಯೆ ಹಾಕಬೇಡಿ. ಹೆದ್ದಾರಿಯಲ್ಲಿ ತಡ ಮಾಡಿದರೆ ಕರೆ ಕಡಿದುಹೋಗುತ್ತದೆ. ಬಡಾವಣೆಯಲ್ಲಿ ಅವಸರ ಮಾಡಿದರೆ ಫೋನು ಚೆಂಡಾಗುತ್ತದೆ.

5. ಹಿಂದೆ ಸರಿಯುವುದನ್ನು ಕಲಿಸಿ, ಎಲ್ಲರೂ ಒಟ್ಟಿಗೆ ಮರಳದಂತೆ ನೋಡಿಕೊಳ್ಳಿ

1971ರ ಜೂನ್‌ನಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಏಬ್ರಮ್ಸನ್ ಅವರ ತಂಡ ಅಲೋಹಾನೆಟ್ ಶುರುಮಾಡಿತು. ನಿಯಮ ಸರಳ: ಕಳಿಸಬೇಕೆನಿಸಿದಾಗ ಕಳಿಸು, ಡಿಕ್ಕಿಯಾದರೆ ಯಾದೃಚ್ಛಿಕವಾಗಿ ಒಂದಿಷ್ಟು ಹೊತ್ತು ಕಾದು ಮತ್ತೆ ಕಳಿಸು. ಹೀಗೆ ಬಿಟ್ಟರೆ ಚಾನೆಲ್ಲಿನ ಶೇಕಡ 18ರಷ್ಟು ಮಾತ್ರ ಉಪಯೋಗಕ್ಕೆ ಬರುತ್ತದೆ. ನಿಗದಿತ ಕ್ಷಣಗಳಲ್ಲೇ ಕಳಿಸಬೇಕೆಂದು ಕಟ್ಟುಹಾಕಿದರೆ ಇದು ಶೇಕಡ 37ಕ್ಕೆ ಏರುತ್ತದೆ. ಇಂದಿನ ವೈಫೈ ಪ್ರತಿ ಸೋಲಿಗೂ ಕಾಯುವ ಅವಧಿಯ ಮಿತಿಯನ್ನು ಇಮ್ಮಡಿ ಮಾಡುತ್ತಾ 15, 31, 63 ಪುಟ್ಟ ಕಾಲಖಂಡಗಳು (ಸ್ಲಾಟ್) ಎಂದು 1023ರ ತನಕ ಹೋಗುತ್ತದೆ.

ಕಾಯುವುದರಲ್ಲಿ ಆ ಯಾದೃಚ್ಛಿಕತೆ ಇರಲೇಬೇಕು. ಊರಲ್ಲಿ ಕರೆಂಟ್ ಹೋಗಿ ಬಂತು ಎನ್ನಿ. ಮೀಟರುಗಳು, ಕ್ಯಾಮೆರಾಗಳು, ಪಂಪ್‌ಸೆಟ್ಟಿನ ನಿಯಂತ್ರಕಗಳು ಒಂದೇ ಕ್ಷಣದಲ್ಲಿ ಎದ್ದು ಗೇಟ್‌ವೇಯ ಬಾಗಿಲು ಬಡಿಯುತ್ತವೆ. ಎಲ್ಲವೂ ಸೋಲುತ್ತವೆ, ಎಲ್ಲವೂ ಸರಿಯಾಗಿ ಐದು ಸೆಕೆಂಡು ಕಾದು ಮತ್ತೆ ಒಟ್ಟಿಗೇ ಬಡಿಯುತ್ತವೆ. ಪ್ರಯೋಗಾಲಯದ ಮೂರು ಉಪಕರಣಗಳಲ್ಲಿ ಇದು ಎಂದೂ ಕಾಣಿಸದು. ಎದ್ದ ಕೂಡಲೇ ಮಾತಾಡುವ ಉಪಕರಣವನ್ನು ಹೊರಗೆ ಬಿಡಲೇಬೇಡಿ; ಮೊದಲ ಮಾತಿಗೂ ಯಾದೃಚ್ಛಿಕ ವಿಳಂಬ ಹಾಕಿ.

6. ನೆರೆಯವರನ್ನು ಲೆಕ್ಕಕ್ಕೆ ಹಿಡಿಯಿರಿ

ಗದ್ದಲ ಹೆಚ್ಚಾಯಿತೆಂದು ಪವರ್ ಏರಿಸುವುದು ಸುಲಭ. ಪಕ್ಕದವರೂ ಅದನ್ನೇ ಮಾಡಿದಾಗ ಇಬ್ಬರಿಗೂ ಲಾಭವಿಲ್ಲ, ಬ್ಯಾಟರಿ ಮಾತ್ರ ಖಾಲಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ವೈಫೈ ಚಾನೆಲ್‌ಗಳು ಮೂರೇ: 1, 6 ಮತ್ತು 11. ಖಾಲಿ ಕಂಡಿತೆಂದು 3ನೆಯದರಲ್ಲಿ ಕೂತರೆ ಎರಡೂ ಕಡೆಯವರ ಕೆಲಸ ಕೆಡಿಸುತ್ತೀರಿ.

ಈ ವಿಷಯದಲ್ಲಿ ಬ್ಲೂಟೂತ್ ನನಗೆ ಬಹಳ ಮೆಚ್ಚಿಗೆ. ಅದು 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತಿತ್ತು; ವೈಫೈ ಇರುವ ಜಾಗಕ್ಕೂ ಹೋಗಿ ಬೀಳುತ್ತಿತ್ತು. 2003ರ 1.2ನೇ ಆವೃತ್ತಿಯಿಂದ, ಕೆಟ್ಟ ಚಾನೆಲ್‌ಗಳನ್ನು ಗುರುತಿಸಿ ಪಟ್ಟಿಯಿಂದ ಬಿಡುತ್ತಾ, ಕನಿಷ್ಠ 20 ಚಾನೆಲ್‌ಗಳನ್ನು ಉಳಿಸಿಕೊಂಡು ಜಿಗಿಯುವುದನ್ನು ಕಲಿಯಿತು. ತನ್ನ ಪ್ಯಾಕೆಟ್ಟೂ ಉಳಿಯಿತು, ವೈಫೈಯದ್ದೂ ಉಳಿಯಿತು.

ಕೆಲವು ನೆರೆಯವರ ಜೊತೆ ಚೌಕಾಸಿಯೇ ಇಲ್ಲ. 5 ಗಿಗಾಹರ್ಟ್ಸ್‌ನ ಕೆಲವು ಚಾನೆಲ್‌ಗಳಲ್ಲಿ ಹವಾಮಾನ ರೇಡಾರ್‌ಗಳಿವೆ. ಅಮೆರಿಕ ಮತ್ತು ಯುರೋಪಿನ ನಿಯಮದಂತೆ ರೇಡಾರ್ ಕಂಡರೆ ವೈಫೈ 10 ಸೆಕೆಂಡಿನೊಳಗೆ ಜಾಗ ಬಿಡಬೇಕು, 30 ನಿಮಿಷ ಅತ್ತ ಸುಳಿಯಬಾರದು. ಮಳೆಯ ಮುನ್ಸೂಚನೆ ನಮ್ಮ ವಿಡಿಯೊಗಿಂತ ದೊಡ್ಡದು, ಆದ್ದರಿಂದ ರೇಡಾರ್ ಪತ್ತೆಯ ಈ ಸೌಲಭ್ಯವನ್ನು ಎಂದೂ ನಿಲ್ಲಿಸಿಡಬೇಡಿ.

7. ಹೇಳಲು ಏನೂ ಇಲ್ಲದಾಗ ಸುಮ್ಮನಿರಲಿ

ನೆದರ್‌ಲೆಂಡ್ಸಿನ ಒಂದು ಆಲೂಗಡ್ಡೆ ಹೊಲದಲ್ಲಿ ಲೋಫಾರ್-ಆಗ್ರೋ ಯೋಜನೆಯವರು ತೇವ ಮತ್ತು ಉಷ್ಣಾಂಶ ಅಳೆಯುವ ನೂರಕ್ಕೂ ಹೆಚ್ಚು ವೈರ್‌ಲೆಸ್ ಸೆನ್ಸರುಗಳನ್ನು ನೆಟ್ಟರು. ತಂತ್ರಾಂಶವನ್ನು ಗಾಳಿಯ ಮೂಲಕವೇ ಹೊಸದಾಗಿಸುವ ಏರ್ಪಾಡು ತಪ್ಪು ರೀತಿಯಲ್ಲಿ ಚಾಲೂ ಆಗಿ, ಸೆನ್ಸರುಗಳು ಹೊಸ ಆವೃತ್ತಿಯನ್ನು ಒಂದಕ್ಕೊಂದು ಹಂಚುತ್ತಲೇ ಇದ್ದವು. ನಾಲ್ಕು ದಿನಗಳಲ್ಲಿ ಬ್ಯಾಟರಿಗಳು ಮುಗಿದವು. ಕೊನೆಗೆ ಕೈಗೆ ಬಂದದ್ದು ನಿರೀಕ್ಷಿಸಿದ ಮಾಹಿತಿಯ ಶೇಕಡ 2ರಷ್ಟು. ಆ ತಂಡ ಇದನ್ನೆಲ್ಲ ಮುಚ್ಚಿಡದೆ 2006ರಲ್ಲಿ ಪ್ರಕಟಿಸಿತು. ಈ ಕ್ಷೇತ್ರದವರೆಲ್ಲ ಅವರಿಗೆ ಋಣಿಗಳಾಗಿರಬೇಕು.

ಟ್ರಿಕಲ್ ಎಂಬ ವಿಧಾನ (2004ರಲ್ಲಿ ಬಂದು 2011ರಲ್ಲಿ ಅಂತರಜಾಲ ಮಾನಕವಾಯಿತು) ಇದಕ್ಕೆ ಒಳ್ಳೆಯ ಮಾದರಿ. ನೆರೆಯವರು ಹೇಳುತ್ತಿರುವುದು ನನಗೆ ಗೊತ್ತಿರುವುದೇ ಆದರೆ ನಾನು ಬಾಯಿಬಿಡುವುದಿಲ್ಲ, ಮುಂದಿನ ಮಾತಿನ ಅಂತರವನ್ನೂ ಇಮ್ಮಡಿ ಮಾಡುತ್ತೇನೆ. ಯಾರಾದರೂ ಬೇರೆಯದನ್ನು ಹೇಳಿದರೆ ಕೂಡಲೇ ಅಂತರ ಕಿರಿದುಗೊಳಿಸಿ ಚುರುಕಾಗುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಲೊಸಾನ್ ತಂತ್ರಜ್ಞಾನ ಸಂಸ್ಥೆ ಕೂಡಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಮಳೆಯಾಶ್ರಿತ ರೈತರಿಗಾಗಿ ಸೆನ್ಸರ್ ಜಾಲ ಹಾಕಿದ್ದವು. ಅಂಥ ಒಣಭೂಮಿಯ ಮಣ್ಣಿನ ತೇವ ಸೆಕೆಂಡಿಗೊಮ್ಮೆ ಬದಲಾಗುವ ವಸ್ತುವಲ್ಲ. ದಿನಗಟ್ಟಲೆ ಒಣಗುತ್ತದೆ, ಮಳೆ ಬಿದ್ದ ಗಂಟೆಯಲ್ಲಿ ದಿಢೀರನೆ ಏರುತ್ತದೆ. ಸೆನ್ಸರಿನ ಮಾತೂ ಹಾಗೆಯೇ ಇರಲಿ.

8. ಜಾಲ ಹಾಕುವ ಜಾಗಕ್ಕೇ, ಬೇರೆ ಬೇರೆ ಕಾಲದಲ್ಲಿ ಹೋಗಿ ಅಳೆಯಿರಿ

ಅದೇ ಆಲೂಗಡ್ಡೆ ಹೊಲದಲ್ಲಿ ಇನ್ನೊಂದು ಸಂಗತಿ ಕಂಡಿತು. ಗಿಡ ಬೆಳೆದು ಎಲೆ ದಟ್ಟವಾದಂತೆ ಸಿಗ್ನಲ್ ಹೋಗುವ ದೂರ ಕುಗ್ಗಿತು, ಇದು ಊಹಿಸಿದ್ದೇ. ಆದರೆ ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಸಿಗ್ನಲ್ ಸುಧಾರಿಸಿತು. ತೇವವೆಂದರೆ ನಷ್ಟ ಎಂದು ಸೂತ್ರ ಬರೆದುಕೊಂಡ ಜಾಲ ಅಲ್ಲಿ ಪ್ರತಿ ಬಾರಿಯೂ ತಪ್ಪು ದಿಕ್ಕಿಗೆ ತಿರುಗುತ್ತಿತ್ತು.

ದೂರವನ್ನೂ ಮರೆಯಬೇಡಿ. ರೇಡಿಯೊ ಅಲೆಗೆ ಒಂದು ಕಿಲೋಮೀಟರಿಗೆ 3.3 ಮೈಕ್ರೊಸೆಕೆಂಡು ಬೇಕು. 50 ಕಿಲೋಮೀಟರ್ ಹೋಗಿ ಬರಲು 333. ಮನೆಯೊಳಗಿನ ಬಳಕೆಗೆಂದು ಮಾಡಿದ ವೈಫೈ ಅಷ್ಟು ಹೊತ್ತು ಅಕ್ನಾಲೆಜ್‌ಮೆಂಟ್‌ಗೆ ಕಾಯುವುದಿಲ್ಲ. ತಲುಪಿದ ಪ್ಯಾಕೆಟ್ಟನ್ನೂ ಕಳೆದುಹೋಯಿತೆಂದು ಭಾವಿಸಿ ಮತ್ತೆ ಕಳಿಸುತ್ತದೆ.

ಯಂತ್ರಕಲಿಕೆಯ ಮಾದರಿಗಳನ್ನು ಹಾಕುವವರಿಗೂ ಇದೇ ಮಾತು. ಬೇಸಿಗೆಯ ಅಂಕಿಅಂಶದಲ್ಲಿ ಕಲಿತದ್ದನ್ನು ಮುಂಗಾರಿನಲ್ಲಿ ನಂಬಬೇಡಿ.

9. ಕೆಡುವುದಾದರೆ ಹೇಗೆ ಕೆಡಬೇಕೆಂದು ಮೊದಲೇ ತೀರ್ಮಾನಿಸಿ

10 ಗಿಗಾಹರ್ಟ್ಸ್‌ಗಿಂತ ಮೇಲೆ ಮಳೆಹನಿಗಳು ಸಿಗ್ನಲ್ಲನ್ನು ಗಣನೀಯವಾಗಿ ನುಂಗತೊಡಗುತ್ತವೆ. ಟವರಿನಿಂದ ಟವರಿಗೆ ಹೋಗುವ ಮೈಕ್ರೊವೇವ್ ಕೊಂಡಿಗೆ ಇದೇ ದೊಡ್ಡ ಪರೀಕ್ಷೆ. ಮಲೆನಾಡಿನಲ್ಲಿ ಇಂಥ ಕೊಂಡಿ ಹಾಕುವವರು ಆಗುಂಬೆಗೆ ವರ್ಷಕ್ಕೆ ಎಷ್ಟು ಮಳೆ ಎಂದು ನೋಡಿದರೆ ಸಾಲದು. ಅತಿ ಜೋರು ಸುರಿಯುವ ನಿಮಿಷಗಳಲ್ಲಿ ಗಂಟೆಗೆ ಎಷ್ಟು ಮಿಲಿಮೀಟರಿನ ರಭಸ ಎಂಬುದು ಬೇಕು. ಶೇಕಡ 99.99 ಲಭ್ಯತೆ ಎಂದರೆ ವರ್ಷಕ್ಕೆ ಸುಮಾರು 53 ನಿಮಿಷ ಮಾತ್ರ ಕೊಂಡಿ ಸೋಲಬಹುದು. ಆ 53 ನಿಮಿಷ ಎಲ್ಲಿ ಖರ್ಚಾಗುತ್ತವೆ ಎಂಬುದೇ ವಿನ್ಯಾಸ.

ಮಳೆ ಜೋರಾದಂತೆ ಹೊಂದಿಕೊಳ್ಳುವ ಕೊಂಡಿ 256-ಕ್ವಾಮ್ ಎಂಬ ದಟ್ಟ ಸಂಕೇತ ವಿಧಾನದಿಂದ ಹಂತಹಂತವಾಗಿ ಸರಳವಾದ ಕ್ಯೂಪಿಎಸ್‌ಕೆಗೆ ಇಳಿಯುತ್ತದೆ. ಪ್ರತಿ ಸಂಕೇತಕ್ಕೆ 8 ಬಿಟ್ ಇದ್ದದ್ದು 2 ಬಿಟ್ ಆಗುತ್ತದೆ, ಸಾಮರ್ಥ್ಯ ಕಾಲು ಭಾಗಕ್ಕೆ ಬರುತ್ತದೆ, ಆದರೆ ಕೊಂಡಿ ಕಡಿಯುವುದಿಲ್ಲ. ಆ ಕಾಲು ಭಾಗದಲ್ಲಿ ಯಾವುದು ಹೋಗಬೇಕು? ಆಂಬ್ಯುಲೆನ್ಸಿನ ಕರೆ, ಟವರಿನ ನಿಯಂತ್ರಣ ಸಂದೇಶಗಳು, ಮಾತು. ಸಿನಿಮಾ ಕಾಯಲಿ. ಈ ಆದ್ಯತೆಯನ್ನು ಬಿಸಿಲಿರುವಾಗಲೇ ಬರೆದಿಡಬೇಕು. ಮಳೆ ಸುರಿಯುವಾಗ ಉಪಕರಣ ತನಗೆ ತೋಚಿದ ಪ್ಯಾಕೆಟ್ಟನ್ನು ಬಿಸಾಡುತ್ತದೆ.

10. ಪ್ರತಿ ತೀರ್ಮಾನವನ್ನೂ ಕಾರಣದೊಂದಿಗೆ ದಾಖಲಿಸಿ

ತಾನೇ ಬದಲಾಗುವ ಜಾಲದಲ್ಲಿ ತೊಂದರೆ ಬಂದಾಗ ಎಂಜಿನಿಯರು ನೋಡುವ ಹೊತ್ತಿಗೆ ಅದು ಇನ್ನೊಂದು ಸ್ಥಿತಿಗೆ ಹೋಗಿರುತ್ತದೆ. ಆದ್ದರಿಂದ ಒಂದೊಂದು ಸಾಲಿನಲ್ಲಿ ನಾಲ್ಕು ಸಂಗತಿ ಬರೆಯಿಸಿ: ಏನು ಅಳೆದೆ, ಏನೆಂದು ಅರ್ಥಮಾಡಿಕೊಂಡೆ, ಏನು ಬದಲಿಸಿದೆ, ಬದಲಿಸಿದ ಮೇಲೆ ಸುಧಾರಿಸಿತೇ. ನಾಲ್ಕನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಅದಿಲ್ಲದಿದ್ದರೆ ಹೊಂದಾಣಿಕೆ ಕೆಲಸ ಮಾಡುತ್ತಿದೆಯೋ, ಪರಿಸ್ಥಿತಿ ತಾನಾಗಿ ತಿಳಿಯಾಯಿತೋ ಎಂದು ಬೇರ್ಪಡಿಸಲು ಆಗುವುದಿಲ್ಲ.

ಜೊತೆಗೆ, ಪ್ರತಿಯೊಂದು ಹೊಂದಾಣಿಕೆಯನ್ನೂ ಬೇರೆಬೇರೆಯಾಗಿ ನಿಲ್ಲಿಸಿ, ವೇಗ, ಪವರ್, ಚಾನೆಲ್‌ಗಳನ್ನು ಕೈಯಾರೆ ಕಟ್ಟಿಹಾಕುವ ಸೌಲಭ್ಯ ಇರಲಿ. ಟವರಿನ ಬುಡದಲ್ಲಿ ನಿಂತು ದೂರು ಪರಿಶೀಲಿಸುವ ತಂತ್ರಜ್ಞರು ಮೊದಲು ಮಾಡಬೇಕಾದದ್ದು ಇದನ್ನೇ: ಎಲ್ಲವನ್ನೂ ಕಡಿಮೆ ವೇಗಕ್ಕೆ ಕಟ್ಟಿಹಾಕಿ ಅಳೆಯುವುದು, ಬಳಿಕ ಒಂದೊಂದಾಗಿ ಬಿಡುತ್ತಾ ಯಾವುದನ್ನು ಬಿಟ್ಟಾಗ ತೊಂದರೆ ಮರಳಿತು ಎಂದು ನೋಡುವುದು.